ಪೊಟ್ಟಣದ ಚಿತ್ರ ಅಂಗಡೀಲೇ ಉಳೀತು!

ಬಸ್ ನಿಲ್ದಾಣದ ಎದುರಿನ ಯಾವ ಬೀಡಾ ಅಂಗಡಿ ಮುಂದಾದರೂ ಸ್ವಲ್ಪ ಹೊತ್ತು ನಿಂತು ನೋಡಿ. ಗಿರಾಕಿ ಬರ್ತಾನೆ, "ಒಂದು ಸಿಗರೇಟ್ ಕೊಡಣ್ಣ" ಅಂತಾನೆ. ಅಂಗಡಿಯವನು ಪೊಟ್ಟಣದಿಂದ ಒಂದನ್ನು ಎಳೆದು ಕೊಡ್ತಾನೆ. ಹಚ್ಚಿಕೊಂಡವನು ಹೊಗೆ ಬಿಡುತ್ತಾ ಹೋದ. ಪೊಟ್ಟಣದ ಮೇಲಿರುವ ಆ ಹೆದರಿಕೆಯ ಚಿತ್ರವನ್ನು ಅವನು ನೋಡಲೇ ಇಲ್ಲ!

ಆ ಚಿತ್ರ ಅಲ್ಲಿಗೆ ಬಂದದ್ದು ಸುಲಭವಾಗಿ ಅಲ್ಲ ಸ್ವಾಮಿ. 1975ರ ಕಾನೂನಿನ ಪ್ರಕಾರ ಸಿಗರೇಟ್ ಪೊಟ್ಟಣದ ಮೇಲೆ 'ಆರೋಗ್ಯಕ್ಕೆ ಹಾನಿಕರ' ಎಂಬ ಅರ್ಥದ ಒಂದು ಸಾಲು ಇದ್ದರೆ ಸಾಕಿತ್ತು. ಬೀಡಿಗೂ ಹೊಗೆಸೊಪ್ಪಿಗೂ ಅದೂ ಇರಲಿಲ್ಲ. ಅಕ್ಷರ ಬಾರದ ಹಮಾಲಿಗೆ ಆ ಸಾಲಿನಿಂದ ಆಗಬೇಕಾದ್ದೇನು? ಕೊನೆಗೆ 2009ರ ಮೇ 31ರಿಂದ ಚಿತ್ರ ಕಡ್ಡಾಯವಾಯಿತು. ಸೇದುವ ಮಾಲಿಗೆ ಶ್ವಾಸಕೋಶದ ಚಿತ್ರ, ಅಗಿಯುವ ಮಾಲಿಗೆ ಚೇಳು! ಚೇಳಿಗೂ ಬಾಯಿ ಕ್ಯಾನ್ಸರಿಗೂ ಏನು ನಂಟು ಅಂತ ಯಾರಿಗೆ ಹೊಳೀಬೇಕು? ಮುಂದೆ ಅದು ಹೋಗಿ ಕ್ಯಾನ್ಸರ್ ತಿಂದ ಬಾಯಿಯ ಚಿತ್ರವೇ ಬಂತು. ಓದು ಬಾರದವನಿಗೂ ಅರ್ಥವಾಯಿತು.

2016ರ ಏಪ್ರಿಲ್‌ನಿಂದ ಪೊಟ್ಟಣದ ಎರಡೂ ಮುಖದಲ್ಲಿ ನೂರಕ್ಕೆ 85 ಭಾಗ ಎಚ್ಚರಿಕೆ. ಅದರಲ್ಲಿ 60 ಭಾಗ ಚಿತ್ರ, 25 ಭಾಗ ಬರಹ. ಕಂಪನಿಗಳು ಕೋರ್ಟಿಗೆ ಓಡಿದವು. ದೇಶದ ನಾನಾ ಕಡೆಯ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. 2017ರ ಡಿಸೆಂಬರ್ 15ರಂದು ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರ ಉಳಿಯಿತು. ಬರೀ ಚಿತ್ರವಾಗಿದ್ದರೆ ಕಂಪನಿಗಳು ಇಷ್ಟು ಗುದ್ದಾಡುತ್ತಿದ್ದವೇ? ಚಿತ್ರದ ತಾಕತ್ತು ಏನೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಗುಟ್ಕಾದ ಕಥೆ ಇನ್ನೂ ಸ್ವಾರಸ್ಯ. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿದರೆ ಅದೇ ಗುಟ್ಕಾ! ಕ್ಯಾನ್ಸರ್ ಚಿತ್ರ ಇರುವುದು ತಂಬಾಕಿನ ಚೀಟಿ ಮೇಲೆ ಮಾತ್ರ. ಪಾನ್ ಮಸಾಲಕ್ಕಾದರೋ ಸಿನಿಮಾ ನಟರ ನಗುಮುಖದ ಜಾಹೀರಾತು. ಕೊಳೆತ ಬಾಯಿ ಹೆಬ್ಬೆರಳಗಲ, ನಗುವ ಬಾಯಿ ಗೋಡೆಯಗಲ. ಶಾಲೆಗೆ ಹೋಗೋ ಹುಡುಗನ ಕಣ್ಣಿಗೆ ಮೊದಲು ಬೀಳೋದು ಯಾವುದು, ನೀವೇ ಹೇಳಿ.

ಕಾನೂನಿಗೇನೂ ಬರ ಇಲ್ಲ. ಬಿಡಿ ಸಿಗರೇಟ್ ಮಾರಬಾರದು, 21 ವರ್ಷ ತುಂಬದವರಿಗೆ ಕೊಡಲೇಬಾರದು ಎಂಬ ರಾಜ್ಯದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಇಡೀ ಪೊಟ್ಟಣ ಕೊಳ್ಳಬೇಕೆಂದರೆ ಹುಡುಗರ ಜೇಬಿಗೆ ಭಾರ, ಕೊಂಡರೂ ಚಿತ್ರ ಜೊತೆಗೇ ಬರುತ್ತದೆ. ಬಿಡಿ ಮಾರಾಟ ನಿಲ್ಲಬೇಕಾದ್ದು ಅದಕ್ಕೇ. ಬಿಡಬೇಕು ಅನ್ನೋರಿಗೆ ಪೊಟ್ಟಣದ ಮೇಲೇ 1800-11-2356 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. ಬಿಡಿ ಕೊಳ್ಳುವವನಿಗೆ ಅದೂ ಕಾಣದು.

ವರ್ಷಕ್ಕೊಮ್ಮೆ ಮೇ 31ರಂದು ಜಾಥಾ ಮಾಡಿ, ಭಾಷಣ ಬಿಗಿದು, ಫೋಟೋ ತೆಗೆಸಿಕೊಂಡರೆ ಮುಗೀತೇ? ಆರೋಗ್ಯ ಇಲಾಖೆಯವರು, ನಗರಸಭೆಯವರು, ಪೊಲೀಸರು ಕೂಡಿ ಶಾಲಾ ಕಾಲೇಜುಗಳ ಸುತ್ತಲಿನ ಅಂಗಡಿಗಳನ್ನು ಒಂದು ಸುತ್ತು ಹಾಕಿ ಬರಲಿ. ಕೋರ್ಟಿನಲ್ಲಿ ಉಳಿದ ಚಿತ್ರ ಬೀದಿಯಲ್ಲಿ ಸೋಲಬಾರದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?