ಕರೆಂಟು ಗಾಡಿಯೂ ಪಳ್ಳಿಯ ಪ್ಲಗ್ಗೂ

ಗಾಡಿಯ ಶಬ್ದ ಕೇಳಿಯೇ "ಉಸ್ತಾದ್ ಬಂದ್ರು" ಎಂದು ಮದ್ರಸದ ಮಕ್ಕಳು ಬೆಂಚಿಗೆ ಓಡುವ ಕಾಲ ಒಂದಿತ್ತು. ಈಗ ಆ ಶಬ್ದ ಇಲ್ಲ. ನಾವು ಗೇಟಿನ ಒಳಗೆ ಬಂದು ನಿಂತ ಮೇಲೆಯೇ ಅವರಿಗೆ ಗೊತ್ತಾಗುವುದು. ಯಾರು ಯಾರ ಟೊಪ್ಪಿ ಎಳೆಯುತ್ತಿದ್ದಾರೆ, ಯಾರು ಬಾಗಿಲಲ್ಲಿ ನಿಂತು ಕಾವಲು ಕಾಯುತ್ತಿದ್ದಾರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಪೆಟ್ರೋಲು ಬಿಟ್ಟು ಕರೆಂಟು ಗಾಡಿ ಹಿಡಿದದ್ದರಿಂದ ಸಿಕ್ಕಿದ ಮೊದಲ ಲಾಭ ಇದು. ಉಳಿದ ಲಾಭ ನಷ್ಟಗಳ ಲೆಕ್ಕ ಸ್ವಲ್ಪ ಉದ್ದ ಉಂಟು. ಓದುಗರಲ್ಲಿ ಹಲವರು ಇದೇ ಯೋಚನೆಯಲ್ಲಿ ಇರಬಹುದು, ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇವೆ.

ನಾವು ಇಬ್ಬರು. ಮುಡಿಪು ಕಡೆಯ ಒಂದೇ ಗುಡ್ಡೆಯ ಆಚೆ ಈಚೆ ನಮ್ಮ ಮನೆ. ಕಲಿಸುವುದು ತೊಕ್ಕೊಟ್ಟು ಬದಿಯ ಒಂದು ಮದ್ರಸದಲ್ಲಿ. ಕೊಣಾಜೆ, ಅಸೈಗೋಳಿ, ನಾಟೆಕಲ್, ದೇರಳಕಟ್ಟೆ, ಕುತ್ತಾರು ದಾಟಿ ಹೋಗಬೇಕು. ಒಂದು ಬದಿಗೆ 14 ಕಿಲೋಮೀಟರ್. ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗುವ ಮುಂಚೆ ಒಂದು ತರಗತಿ, ಮಗ್ರಿಬ್ ಕಳೆದು ಇನ್ನೊಂದು. ನಡುವೆ ಮನೆಗೆ ಬಾರದೆ ಆಗುವುದಿಲ್ಲ, ಅಲ್ಲಿಯ ಕೆಲಸ ಯಾರು ಮಾಡುವುದು? ಹಗಲು ಬಸ್ಸು ಬೇಕಾದಷ್ಟು ಉಂಟು. ಆದರೆ ಸುಬ್‌ಹಿ ಕಳೆದ ಕೂಡಲೇ ನಮ್ಮ ಒಳದಾರಿಗೆ ಬಸ್ಸಿಲ್ಲ, ಇಶಾ ಕಳೆದ ಮೇಲೂ ಇಲ್ಲ. ಹಾಗಾಗಿ ಒಂದೇ ಸ್ಕೂಟರಿನಲ್ಲಿ ಇಬ್ಬರ ಪ್ರಯಾಣ. ದಿನಕ್ಕೆ 56 ಕಿಲೋಮೀಟರ್, ಶುಕ್ರವಾರದ ರಜೆ ಕಳೆದು ತಿಂಗಳಿಗೆ 26 ದಿನ.

ಹಳೆಯ ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಡುತ್ತಿತ್ತು. ತಿಂಗಳಿಗೆ 32 ಲೀಟರ್ ಬೇಕು. ಪೆಟ್ರೋಲ್ ದರ ನೂರು ದಾಟಿದ ಮೇಲೆ ತಿಂಗಳಿಗೆ 3,300 ರೂಪಾಯಿ ಬರೀ ಪೆಟ್ರೋಲಿಗೆ. ಉಸ್ತಾದರ ಸಂಬಳ ಎಷ್ಟೆಂದು ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ. ತಿಂಗಳ ಕೊನೆಯ ವಾರ ಬಂಕಿನಲ್ಲಿ ಐವತ್ತು ರೂಪಾಯಿಯ ಪೆಟ್ರೋಲ್ ಹಾಕಿಸಿ ತಲೆ ತಗ್ಗಿಸಿ ಬಂದದ್ದು ಎಷ್ಟು ಸಲವೋ. ನಮ್ಮಲ್ಲೊಬ್ಬರು ಮದ್ರಸ ಬಿಟ್ಟು ಊರಲ್ಲೇ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ನಿಲ್ಲುವ ಮಾತಾಡಿ ಆಗಿತ್ತು. ಇನ್ನೊಬ್ಬರು "ಒಂದು ವರ್ಷ ನೋಡುವ" ಎಂದು ತಡೆದರು. ಕರೆಂಟು ಗಾಡಿಯ ಆಲೋಚನೆ ಹುಟ್ಟಿದ್ದು ಆಗ.

ಗಾಡಿಯ ಬೆಲೆ ಒಂದು ಲಕ್ಷದ ಆಸುಪಾಸು. ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ ಶೇಕಡಾ 5 ಮಾತ್ರ ಎಂಬುದು ನಿಜ. ಆದರೆ ಸಹಾಯಧನದ ವಿಷಯದಲ್ಲಿ ನಾವು ತಡವಾದವರು. ಕೇಂದ್ರ ಸರಕಾರದ ಫೇಮ್-2 ಯೋಜನೆ 2024ರ ಮಾರ್ಚ್‌ಗೆ ಮುಗಿಯಿತು. ಆ ವರ್ಷದ ಅಕ್ಟೋಬರಿನಿಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ದ್ವಿಚಕ್ರ ವಾಹನಕ್ಕೆ ಹೆಚ್ಚೆಂದರೆ 10,000 ರೂಪಾಯಿ ಸಿಗುತ್ತಿತ್ತು. 2025ರ ಎಪ್ರಿಲ್‌ನಿಂದ ಅದೂ ಅರ್ಧವಾಯಿತು. ನಾವು ಶೋರೂಮಿಗೆ ಹೋದದ್ದು ಆ ಮೇ ತಿಂಗಳಲ್ಲಿ. ಅಲ್ಲಿಯ ಹುಡುಗ ಮೊದಲ ಮಾತಿಗೇ ತಿಂಗಳ ಕಂತಿನ ಕಾಗದ ಮುಂದಿಟ್ಟ. ಅದು ಬಡ್ಡಿ ಸಾಲ, ನಮಗೆ ಬೇಡ ಎಂದಾಗ ಅವನಿಗೆ ಆಶ್ಚರ್ಯ. ಹಳೆ ಸ್ಕೂಟರ್ ಮಾರಿ 18,000, ಇಬ್ಬರೂ ಕೂಡಿಟ್ಟದ್ದು 22,000, ಉಳಿದ 60,000 ಗಲ್ಫಿನಲ್ಲಿರುವ ಭಾವ ಒಬ್ಬರು ಬಡ್ಡಿಯಿಲ್ಲದೆ ಕೊಟ್ಟರು. ತಿಂಗಳಿಗೆ 2,200ರಂತೆ ತೀರಿಸುವುದು ಎಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಪೆಟ್ರೋಲಿನ ದುಡ್ಡು ಉಳಿದರೆ ಮಾತ್ರ ಈ ಸಾಲ ತೀರುತ್ತದೆ. ಹಾಗಾಗಿ ಒಂದೊಂದು ಕಿಲೋಮೀಟರಿನ ಲೆಕ್ಕವೂ ನಮಗೆ ಮುಖ್ಯವಾಯಿತು.

ಮೊದಲ ವಾರವೇ ಲೆಕ್ಕ ತಪ್ಪಿತು. ಗಾಡಿಯ ಬ್ಯಾಟರಿ ಎರಡೂವರೆ ಯೂನಿಟಿನದ್ದು. ಒಂದು ಚಾರ್ಜಿಗೆ ನೂರರ ಹತ್ತಿರ ಓಡುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ಅದು ಸಪಾಟು ದಾರಿಯಲ್ಲಿ ಒಬ್ಬರೇ ನಿಧಾನಕ್ಕೆ ಹೋದರೆ. ನಾವೋ ಇಬ್ಬರು, ಇಬ್ಬರದೂ ಬಿರಿಯಾನಿ ತಿಂದ ದೇಹ, ದಾರಿ ನಮ್ಮ ಊರಿನದ್ದು. ತೊಕ್ಕೊಟ್ಟಿಗೆ ಹೋಗುವಾಗ ಇಳಿಜಾರು ಜಾಸ್ತಿ, ಶೇಕಡಾ 22 ಖರ್ಚಾಗುತ್ತದೆ. ಬರುವಾಗ ಕುತ್ತಾರಿನಿಂದ ದೇರಳಕಟ್ಟೆಗೆ ಚಡಾವು ಹತ್ತುವಾಗ ಅಂಕಿ ಕಣ್ಣೆದುರೇ ಇಳಿಯುತ್ತದೆ, ಮನೆ ಮುಟ್ಟುವಾಗ ಶೇಕಡಾ 30 ಹೋಗಿರುತ್ತದೆ. ಅಂದರೆ ಒಂದು ಫುಲ್ ಚಾರ್ಜಿಗೆ 54 ಕಿಲೋಮೀಟರ್. ನಮಗೆ ಬೇಕಾದದ್ದು 56! ಹಾಗಾಗಿ ಮಧ್ಯಾಹ್ನ ಮನೆಯಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಚಾರ್ಜಿಗೆ ಇಡುವುದು ಅನಿವಾರ್ಯ.

ಓಡಿಸುವ ಕ್ರಮವನ್ನೂ ಬದಲಿಸಿಕೊಂಡೆವು. ವೇಗ 40 ದಾಟಿಸುವುದಿಲ್ಲ. ಟಯರಿನ ಗಾಳಿ ವಾರಕ್ಕೊಮ್ಮೆ ನೋಡುತ್ತೇವೆ, ಗಾಳಿ ಕಡಿಮೆಯಾದರೆ ಚಾರ್ಜು ಬೇಗ ಇಳಿಯುತ್ತದೆ. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟರೆ ಮೋಟಾರೇ ತಡೆ ಕೊಟ್ಟು ಸ್ವಲ್ಪ ಕರೆಂಟು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಆದರೆ ತುಂಬಿದ ಕೊಡಕ್ಕೆ ನೀರು ಹಿಡಿಯುವುದಿಲ್ಲವಲ್ಲ, ಹಾಗೆಯೇ ಪೂರ್ತಿ 100 ಇದ್ದರೆ ವಾಪಸ್ ಬರುವ ಕರೆಂಟಿಗೆ ಜಾಗವಿಲ್ಲ. ಮನೆ ಮುಟ್ಟಿದ ಕೂಡಲೇ ಬಿಸಿ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸದೆ ಅರ್ಧ ಗಂಟೆ ನೆರಳಿನಲ್ಲಿ ಬಿಡುತ್ತೇವೆ. ಗುಡುಗು ಸಿಡಿಲು ಇದ್ದರೆ ಪ್ಲಗ್ಗು ಕಿತ್ತು ಇಡುತ್ತೇವೆ.

ಮನೆಯ ಬಿಲ್ಲಿನ ವಿಷಯವನ್ನೂ ಹೇಳಬೇಕು. ಗೃಹಜ್ಯೋತಿ ಬಂದ ಮೇಲೆ ಚಾರ್ಜಿಂಗ್ ನಡೆಯುವ ಮನೆಗೆ ಸೊನ್ನೆ ಬಿಲ್ಲು ಬರುತ್ತಿತ್ತು. ಗಾಡಿ ಬಂದ ಮರು ತಿಂಗಳು ಸೊನ್ನೆ ಹೋಯಿತು. "ಬಿಲ್ಲು ಯಾಕೆ ಬಂತು?" ಎಂದು ಮನೆಯವರ ಪ್ರಶ್ನೆ. 200 ಯೂನಿಟ್‌ವರೆಗೆ ಎಲ್ಲರಿಗೂ ಉಚಿತ ಎಂದು ತಿಳಿದುಕೊಂಡವರು ಹಲವರಿದ್ದಾರೆ, ಅದು ಹಾಗಲ್ಲ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅಷ್ಟು, ಅದರ ಮೇಲೆ ಶೇಕಡಾ 10, ಇದು ಉಚಿತ. ಅದಕ್ಕಿಂತ ಹೆಚ್ಚಾದ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ನಮ್ಮ ಗಾಡಿ ತಿಂಗಳಿಗೆ 75 ಯೂನಿಟ್ ಕುಡಿಯುತ್ತದೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ 450. ಮೊದಲೇ 150 ಯೂನಿಟ್ ಉರಿಸುವ ಮನೆಯವರು ಗಾಡಿ ತೆಗೆಯುವ ಮುಂಚೆ ಹಳೆ ಬಿಲ್ಲು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಕಲಿತೆವು ಎಂದುಕೊಳ್ಳುವಾಗ ಜೂನ್ ಬಂತು. ಒಂದು ದಿನ ಬೆಳಿಗ್ಗೆ ಗಾಳಿ ಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಸಂಜೆಯಾದರೂ ಬರಲಿಲ್ಲ. ಬೆಳಗಿನ ಓಡಾಟ ಮುಗಿದು ಗಾಡಿಯಲ್ಲಿ ಉಳಿದದ್ದು 48. ಸಂಜೆ ಹೋಗಲು 22 ಕಳೆದರೆ 26. ಬರಲು ಬೇಕಾದದ್ದು 30. ನಾಲ್ಕು ಅಂಕಿ ಕಡಿಮೆ! ರಾತ್ರಿ ಮಳೆಯಲ್ಲಿ ಚಡಾವಿನಲ್ಲಿ ಗಾಡಿ ನಿಂತರೆ ತಳ್ಳಬೇಕಾದೀತು. ಪೆಟ್ರೋಲಾದರೆ ಬಾಟಲಿಯಲ್ಲಿ ತರಬಹುದು, ಕರೆಂಟನ್ನು ಯಾವ ಬಾಟಲಿಯಲ್ಲಿ ತರುವುದು? ಮಕ್ಕಳು ಬಂದು ಕಾಯುತ್ತಾರೆ, ಹೋಗದೆ ಇರುವ ಹಾಗಿಲ್ಲ. ಹೋದೆವು. ಪಳ್ಳಿಯ ವರಾಂಡದ ಪ್ಲಗ್ಗಿಗೆ ಸಿಕ್ಕಿಸಿ ಒಂದೂವರೆ ಗಂಟೆ ಪಾಠ ಮಾಡಿ ಬರುವಾಗ 59 ಆಗಿತ್ತು. ಅಲ್‌ಹಮ್ದುಲಿಲ್ಲಾಹ್ ಎಂದು ಮನೆಗೆ ಬಂದೆವು.

ತಪ್ಪು ಆದದ್ದು ಆ ದಿನ ಅಲ್ಲ, ಮರುದಿನದಿಂದ. "ಮಳೆಗಾಲ ಅಲ್ವಾ, ಇರಲಿ" ಎಂದು ದಿನಾ ಸಂಜೆ ಅಲ್ಲೇ ಸಿಕ್ಕಿಸತೊಡಗಿದೆವು. ಮಳೆ ಕಡಿಮೆಯಾದ ಮೇಲೂ ಬಿಡಲಿಲ್ಲ. ಮನೆಯ ಬಿಲ್ಲು ಇಳಿಯಿತು, ನಮಗೆ ಖುಷಿಯೇ ಆಯಿತು. ಯಾರೂ ಏನೂ ಹೇಳಲಿಲ್ಲ. ಉಸ್ತಾದರಿಗೆ ಯಾರು ಹೇಳುತ್ತಾರೆ?

ಹೇಳಿದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗ. ಸೆಪ್ಟೆಂಬರ್ ಕೊನೆಯಲ್ಲಿ ಅಮಾನತ್ ಬಗ್ಗೆ ಪಾಠ ನಡೆಯುತ್ತಿತ್ತು. ನಮ್ಮ ಕೈಗೆ ಬಂದ ಬೇರೆಯವರ ವಸ್ತುವನ್ನು ಅವರ ಅನುಮತಿ ಇಲ್ಲದೆ ಉಪಯೋಗಿಸಬಾರದು ಎಂದು ವಿವರಿಸಿ ಮುಗಿಸಿದಾಗ ಅವನು ಎದ್ದು ನಿಂತ. "ಉಸ್ತಾದ್, ಪಳ್ಳಿಯಲ್ಲಿ ಫೋನ್ ಕೂಡ ಚಾರ್ಜಿಗೆ ಇಡಬಾರದು, ಕೇಳಿಯೇ ಇಡಬೇಕು ಅಂತ ನಮ್ಮ ಉಪ್ಪ ಹೇಳ್ತಾರೆ. ನೀವು ಗಾಡಿ ಇಡುವಾಗ ಯಾರ ಹತ್ರ ಕೇಳಿದ್ದು?" ಕ್ಲಾಸು ಗೊಳ್ಳೆಂದು ನಕ್ಕಿತು. ಅವನು ನಗಲಿಲ್ಲ, ನಿಜವಾಗಿ ತಿಳಿಯಲು ಕೇಳಿದ್ದ. ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. "ಕೇಳಿಲ್ಲ ಮೋನೇ, ಕೇಳಬೇಕಿತ್ತು" ಎಂದಷ್ಟೇ ಹೇಳಲು ಆದದ್ದು.

ಆ ರಾತ್ರಿ ದಾರಿಯುದ್ದಕ್ಕೂ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮನೆ ಮುಟ್ಟಿ ಕಾಗದ ಪೆನ್ನು ಹಿಡಿದೆವು. ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ 26, ನಾಲ್ಕು ತಿಂಗಳಿಗೆ ನೂರು ದಾಟುತ್ತದೆ. ದೊಡ್ಡ ಮೊತ್ತ ಅಲ್ಲ. ಆದರೆ ಪಳ್ಳಿಯ ಬಿಲ್ಲು ಕಟ್ಟುವುದು ಜಮಾಅತಿನವರ ತಿಂಗಳ ವಂತಿಗೆಯಿಂದ. ಅದರಲ್ಲಿ ಬೀಡಿ ಕಟ್ಟುವ ಉಮ್ಮಂದಿರ ಐವತ್ತು, ನೂರು ರೂಪಾಯಿಯೂ ಉಂಟು. ಅವರು ಕೊಟ್ಟದ್ದು ಪಳ್ಳಿಯ ದೀಪಕ್ಕೆ, ಫ್ಯಾನಿಗೆ, ವುಳೂವಿನ ನೀರಿನ ಪಂಪಿಗೆ. ನಮ್ಮ ಗಾಡಿಗೆ ಅಲ್ಲ.

ಮುಂದಿನ ಕಮಿಟಿ ಸಭೆಯಲ್ಲಿ ನಾವೇ ವಿಷಯ ಎತ್ತಿದೆವು. "ಉಸ್ತಾದರಿಗೆ ಅಷ್ಟೂ ಇಲ್ವಾ, ಬಿಡಿ ಮಾರಾಯ್ರೆ" ಎಂದರು ಕೆಲವರು. ಒಬ್ಬ ಹಿರಿಯರು ಮಾತ್ರ, "ಇವತ್ತು ಉಸ್ತಾದರದ್ದು. ನಾಳೆ ನಮಾಝಿಗೆ ಬರುವ ಹತ್ತು ಜನ ಇದೇ ಗಾಡಿ ತರುತ್ತಾರೆ. ಆಗ ಯಾರಿಗೆ ಬೇಡ ಹೇಳುವುದು?" ಎಂದರು. ಅವರ ಮಾತೇ ಸರಿ ಎಂದು ನಾವೂ ಹೇಳಿದೆವು. ಪುಕ್ಕಟೆ ಕೊಟ್ಟರೆ ನಮಗೆ ಋಣ, ಬೇಡ ಎಂದರೆ ಮಳೆಗಾಲದಲ್ಲಿ ನಮಗೆ ಕಷ್ಟ. ಲೆಕ್ಕ ಇಟ್ಟು ಹಣ ಕೊಡುವುದೇ ಎಲ್ಲರಿಗೂ ನೆಮ್ಮದಿ.

ಎಲೆಕ್ಟ್ರಿಶನ್ ಬಂದು ವರಾಂಡದ ಹಳೆ ಪ್ಲಗ್ಗು ಬಿಚ್ಚಿದಾಗ ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಒಳಗೆ ತಂತಿಯ ತುದಿ ಸುಟ್ಟು ಕಪ್ಪಾಗಿತ್ತು. ಎಷ್ಟೋ ವರ್ಷದ ಸಡಿಲ ಪ್ಲಗ್ಗು, ಅದರ ಮೇಲೆ ನಾಲ್ಕು ತಿಂಗಳು ದಿನಾ ಒಂದೂವರೆ ಗಂಟೆ ನಮ್ಮ ಚಾರ್ಜರ್. ಇನ್ನಷ್ಟು ದಿನ ಕಳೆದಿದ್ದರೆ? ಪಕ್ಕದ ಕೋಣೆಯಲ್ಲಿ ಕೂರುವುದು ಮಕ್ಕಳು. ಕೇಳದೆ ಮಾಡಿದ ಕೆಲಸದಲ್ಲಿ ಬರೀ ಹಣದ ತಪ್ಪು ಅಲ್ಲ, ಅಪಾಯವೂ ಇತ್ತು ಎಂದು ಆಗ ತಿಳಿಯಿತು. ಕೇಳಿದ್ದರೆ ಪ್ಲಗ್ಗನ್ನು ಯಾರಾದರೂ ಮೊದಲೇ ನೋಡುತ್ತಿದ್ದರು.

ಈಗ ವುಳೂ ಮಾಡುವ ಜಾಗದಿಂದ ದೂರ, ಶೀಟಿನ ಅಡಿಯಲ್ಲಿ 16 ಆಂಪಿಯರಿನ ಹೊಸ ಪ್ಲಗ್ಗು ಉಂಟು. ಅದಕ್ಕೆ ಬೇರೆಯೇ ಎಂಸಿಬಿ, ಸರಿಯಾದ ಅರ್ಥಿಂಗ್, ಒಂದು ಸಣ್ಣ ಮೀಟರ್. ಯೂನಿಟ್‌ಗೆ 10 ರೂಪಾಯಿ. ಮುಕ್ರಿಯವರ ಹತ್ತಿರ ನೋಟ್ ಪುಸ್ತಕ. ದ್ವಿಚಕ್ರ ವಾಹನ ಮಾತ್ರ, ಆಳು ಇರುವ ಹೊತ್ತು ಮಾತ್ರ, ರಾತ್ರಿ ಬಿಟ್ಟು ಹೋಗುವಂತಿಲ್ಲ. ಹಿಂದಿನ ನಾಲ್ಕು ತಿಂಗಳ ಬಾಬ್ತು ಸಾವಿರದ ನಲವತ್ತು ರೂಪಾಯಿ ಕಟ್ಟಿ ರಶೀದಿ ತೆಗೆದುಕೊಂಡೆವು. ಆ ಹಿರಿಯರು ಹೇಳಿದ ಹಾಗೆಯೇ ಆಯಿತು, ಈಗ ಇನ್ನೂ ಮೂರು ಗಾಡಿಗಳ ಹೆಸರು ಪುಸ್ತಕದಲ್ಲಿ ಉಂಟು.

ಒಂದು ಎಚ್ಚರಿಕೆ. ಈ ಗಾಡಿಗೆ ಶಬ್ದ ಇಲ್ಲದಿರುವುದು ತಮಾಷೆಯಲ್ಲ. ದಾರಿ ಬದಿಯಲ್ಲಿ ನಡೆಯುವ ಮುದುಕರಿಗೆ, ಓಡುವ ಮಕ್ಕಳಿಗೆ ನಾವು ಬರುವುದು ತಿಳಿಯುವುದಿಲ್ಲ. ಶಾಲೆ, ಮದ್ರಸದ ಎದುರು 20ಕ್ಕೆ ಇಳಿಸಿ ಸಣ್ಣಗೆ ಹಾರ್ನ್ ಹಾಕಿಯೇ ಹೋಗಬೇಕು. "ಕರೆಂಟು ಗಾಡಿಗೆ ಲೈಸನ್ಸ್ ಬೇಡ" ಎಂದು ಸಣ್ಣ ಮಕ್ಕಳ ಕೈಗೆ ಕೊಡುವವರೂ ಇದ್ದಾರೆ. ಮೋಟಾರು 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರುವ ಗಾಡಿಗೆ ಮಾತ್ರ ಆ ರಿಯಾಯಿತಿ. ಹಸಿರು ನಂಬರ್ ಪ್ಲೇಟಿನ ಗಾಡಿಗೆ ಲೈಸನ್ಸ್, ಇನ್ಶೂರೆನ್ಸ್, ಹೆಲ್ಮೆಟ್ ಎಲ್ಲವೂ ಬೇಕು, ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು.

ವರ್ಷ ತುಂಬುತ್ತಾ ಬಂತು. ಮನೆ ಮತ್ತು ಪಳ್ಳಿಯ ಕರೆಂಟು ಸೇರಿ ತಿಂಗಳಿಗೆ 550 ದಾಟಿಲ್ಲ. ಉಳಿದದ್ದರಲ್ಲಿ 2,200 ಭಾವನ ಸಾಲಕ್ಕೆ, 500 ಬ್ಯಾಟರಿಗೆ ಎಂದು ಬೇರೆ ಡಬ್ಬಿಯಲ್ಲಿ. ಬ್ಯಾಟರಿಯ ಗ್ಯಾರಂಟಿ ಮೂರು ವರ್ಷ, ಆಮೇಲೆ ಒಂದು ದಿನ ಅದು ಸೋಲುತ್ತದೆ. ಆ ಖರ್ಚನ್ನು ಮರೆತು ಲಾಭ ಲೆಕ್ಕ ಹಾಕುವುದು ನಮಗೆ ನಾವೇ ಮೋಸ ಮಾಡಿಕೊಂಡ ಹಾಗೆ. ಅಂಗಡಿಗೆ ಹೋಗುವ ಮಾತು ಮತ್ತೆ ಬಂದಿಲ್ಲ. ಇಬ್ಬರೂ ಮದ್ರಸದಲ್ಲೇ ಇದ್ದೇವೆ.

ಜಮಾಅತ್ ಕಮಿಟಿಯವರಲ್ಲಿ ನಮ್ಮದೊಂದು ಕೋರಿಕೆ. ದೂರದಿಂದ ಬರುವ ಉಸ್ತಾದರು, ಖತೀಬರು ಎಲ್ಲ ಊರಲ್ಲೂ ಇದ್ದಾರೆ. ಮೀಟರ್ ಇಟ್ಟ ಒಂದು ಪ್ಲಗ್ಗು ಹಾಕಿಸಿ ಕೊಡಿ. ಪುಕ್ಕಟೆ ಬೇಡ, ಲೆಕ್ಕದಲ್ಲಿ ಕೊಡಿ. ಗಾಡಿ ಇರುವವರೂ ಸಿಕ್ಕಿಸುವ ಮುಂಚೆ ಒಂದು ಮಾತು ಕೇಳಿ.

ನಮ್ಮ ಮೀಟರಿನ ಅಂಕಿ ಓದಿ ಪುಸ್ತಕಕ್ಕೆ ಬರೆಸುವ ಕೆಲಸ ಈಗ ಆ ಹುಡುಗನದ್ದೇ. ದಿನಾ ಇಶಾಗೆ ಮುಂಚೆ ಬಂದು ನಿಲ್ಲುತ್ತಾನೆ. ಮೊನ್ನೆ ನಾವು ಒಂದು ಯೂನಿಟ್ ಎಂದಾಗ "ಅಲ್ಲ ಉಸ್ತಾದ್, ಒಂದು ಪಾಯಿಂಟ್ ಒಂದು" ಎಂದು ತಿದ್ದಿದ. ಹಾಗೆಯೇ ಬರೆಸಿದೆವು.