ಇನ್ನೊಂದು ಗಡಿಯಲ್ಲಿ ಅಜ್ಜಿಯರ ಫುಗಡಿ

ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನಲ್ಲಿ ಬೆಳಗ್ಗೆ ಒಂದು ಗಳಿಗೆ ನಿಂತರೆ, ನಮ್ಮ ಕಡೆ ಅಪರೂಪವಾದ ನೋಟವೊಂದು ಕಾಣಸಿಗುತ್ತದೆ. ಕಚ್ಚೆ ಹಾಕಿ ಸೀರೆಯುಟ್ಟ ನಾಲ್ಕಾರು ಅಜ್ಜಿಯರು ಕೈಚೀಲ ಹಿಡಿದು ಕೊಲ್ಹಾಪುರದ ಬಸ್ಸಿಗೆ ಕಾಯುತ್ತಿರುತ್ತಾರೆ. ಜೊತೆಗೆ ಮಗನಿಲ್ಲ, ಮೊಮ್ಮಗನಿಲ್ಲ. ಒಬ್ಬರು ಕನ್ನಡದಲ್ಲಿ ಕೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಉತ್ತರ ಕೊಡುತ್ತಾರೆ. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ತೋರುವುದಿಲ್ಲ. ಅಂಬಾಬಾಯಿಯ ದರ್ಶನಕ್ಕೆ ಹೊರಟಿದ್ದೇವೆ ಎನ್ನುತ್ತಾರೆ. ದರ್ಶನ ನಿಜವೇ. ಆದರೆ ಹೋಗುವ ದಾರಿಯ ಮಾತು, ಗುಡಿಯ ಕಟ್ಟೆಯ ಮೇಲೆ ಬಿಚ್ಚುವ ಬುತ್ತಿ, ಬರುವ ದಾರಿಯ ನಗು, ಇವೂ ದರ್ಶನದಷ್ಟೇ ಮುಖ್ಯವೆಂದು ನಮಗೆ ತೋರಿತು.

ಈ ಅಜ್ಜಿಯರ ತಿರುಗಾಟಕ್ಕೆ ಸರಕಾರದ ಕೈಯೂ ಸೇರಿದೆ. ೨೦೨೨ರ ಆಗಸ್ಟ್ ೨೬ರಿಂದ ಮಹಾರಾಷ್ಟ್ರದ ಸಾರಿಗೆ ಬಸ್ಸಿನಲ್ಲಿ ೭೫ ವರ್ಷ ದಾಟಿದವರಿಗೆ ಟಿಕೇಟಿನ ಹಣವಿಲ್ಲ. ೬೫ ದಾಟಿದವರಿಗೆ ಅರ್ಧ ದರ. ೨೦೨೩ರ ಮಾರ್ಚ್ ೧೭ರಿಂದ ಹೆಂಗಸರೆಲ್ಲರಿಗೂ ಅರ್ಧ ದರ. ಮಗನ ಮುಂದೆ ಕೈಯೊಡ್ಡದೆ ಊರು ಸುತ್ತುವುದು ಆ ವಯಸ್ಸಿನವರಿಗೆ ಎಂಥ ಸುಖವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಈ ಸೌಲಭ್ಯ ರಾಜ್ಯದ ಗಡಿಯವರೆಗೆ ಮಾತ್ರ. ಗಡಹಿಂಗ್ಲಜಕ್ಕೆ ಕೊಲ್ಹಾಪುರ ದೂರ, ಕರ್ನಾಟಕದ ಸಂಕೇಶ್ವರ ಹತ್ತಿರ. ಅಂಬಾಬಾಯಿಯ ಬಳಿಗೆ ಪುಕ್ಕಟೆಯಾಗಿ ಹೋಗುವ ಅಜ್ಜಿ, ಸಂಕೇಶ್ವರದ ತಂಗಿಯ ಮನೆಗೆ ಹೋಗುವಾಗ ಗಡಿಯಿಂದಾಚೆಗೆ ದುಡ್ಡು ಎಣಿಸಬೇಕು. ಗಡಿ ಎಂದರೇನೆಂದು ಕಾಸರಗೋಡಿನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಅದನ್ನು ಬಸ್ ಟಿಕೇಟಿನಲ್ಲಿ ಹೀಗೆ ಕಂಡಾಗ ತುಸು ನಗೆ ಬಂತು.

ನಾವು ಆ ಸೀಮೆಯ ಮುದಿಜೀವಗಳ ಬಗ್ಗೆ ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ೨೦೧೧ರ ಜನಗಣತಿಯ ಪ್ರಕಾರ ೬೦ ದಾಟಿದವರ ಪ್ರಮಾಣ ದೇಶದಲ್ಲಿ ನೂರಕ್ಕೆ ೮.೬, ಕೇರಳದಲ್ಲಿ ನೂರಕ್ಕೆ ೧೨.೬, ಆ ಗಣತಿಯಲ್ಲಿ ರಾಜ್ಯಗಳ ಪೈಕಿ ನಮ್ಮದೇ ಮೊದಲು. ನಮ್ಮ ಮನೆಗಳ ಜಗಲಿಯನ್ನೇ ನೋಡಿ. ಮಕ್ಕಳು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಗಲ್ಫಿನಲ್ಲಿ. ಅಡಿಕೆ ತೋಟದ ನಡುವಿನ ದೊಡ್ಡ ಮನೆಯಲ್ಲಿ ಅಜ್ಜ ಒಂದು ಕುರ್ಚಿಯಲ್ಲಿ, ಅಜ್ಜಿ ಇನ್ನೊಂದು ಕುರ್ಚಿಯಲ್ಲಿ. ಎಷ್ಟೋ ಮನೆಗಳಲ್ಲಿ ಒಂದು ಕುರ್ಚಿ ಖಾಲಿ. ಒಂಟಿತನವೆಂಬುದು ಮನಸ್ಸಿನ ಅಳುಕು ಮಾತ್ರವಲ್ಲ. ಜಗತ್ತಿನಲ್ಲಿ ಆರರಲ್ಲಿ ಒಬ್ಬರನ್ನು ಅದು ಕಾಡುತ್ತಿದೆ, ವರ್ಷಕ್ಕೆ ಎಂಟು ಲಕ್ಷಕ್ಕೂ ಮಿಕ್ಕಿ ಸಾವುಗಳಿಗೆ ಅದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ ೨೦೨೫ರ ಜೂನ್‌ನಲ್ಲಿ ವರದಿ ಕೊಟ್ಟಿದೆ. ಹಾಗಿರುವಾಗ, ನಮ್ಮಂತೆಯೇ ಬೇರೆ ಭಾಷೆಯ ರಾಜ್ಯದಲ್ಲಿ ಬಾಳುವ ಕನ್ನಡದ ಮನೆಗಳ ಹಿರಿಯರು ತಮ್ಮ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ನೋಡುವುದು ವ್ಯರ್ಥವಲ್ಲ.

ಕೊಲ್ಹಾಪುರ ಸೀಮೆಗೆ ಕನ್ನಡ ಹೊಸದಾಗಿ ಬಂದದ್ದಲ್ಲ. ಶಿಲಾಹಾರರ ಕಾಲದ ಕನ್ನಡ ಶಾಸನಗಳು ಅಲ್ಲಿವೆ. ಶಿರೋಳ ತಾಲೂಕಿನ ಖಿದ್ರಾಪುರದ ಕೊಪ್ಪೇಶ್ವರ ಗುಡಿಯಲ್ಲೂ ಕನ್ನಡ ಅಕ್ಷರಗಳಿವೆ. ಗಡಹಿಂಗ್ಲಜದ ಪೂರ್ವಕ್ಕಿರುವ ಹಳ್ಳಿಗಳಲ್ಲಿ ಹುಕ್ಕೇರಿ, ಚಿಕ್ಕೋಡಿ ಕಡೆಯಿಂದ ಸೊಸೆಯಂದಿರು ಬರುತ್ತಲೇ ಇರುತ್ತಾರೆ. ಶಾಲೆ ಮರಾಠಿ, ಕಚೇರಿ ಮರಾಠಿ. ಕನ್ನಡ ಉಳಿದಿರುವುದು ಒಲೆಯ ಮುಂದೆ, ತೊಟ್ಟಿಲ ಮುಂದೆ, ಗುಡಿಯ ಮುಂದೆ. ಎಂದರೆ, ಹೆಂಗಸರ ಬಾಯಲ್ಲಿ.

ಈ ಹೆಂಗಸರು ಕುಣಿಯುವ ಕಾಲ ಶ್ರಾವಣ, ಭಾದ್ರಪದ. ನಾಗರಪಂಚಮಿಯಿಂದ ಗೌರಿ ಹಬ್ಬದವರೆಗೆ ಊರೂರಲ್ಲಿ ಝಿಮ್ಮಾ, ಫುಗಡಿ. ಇಬ್ಬರು ಎದುರುಬದುರಾಗಿ ನಿಂತು ಕೈಗಳನ್ನು ಕತ್ತರಿಯಾಗಿ ಹಿಡಿದು, ಪಾದ ಜೋಡಿಸಿ, ಮೈ ಹಿಂದಕ್ಕೆ ಬಿಟ್ಟು ಗರಗರ ಸುತ್ತುವುದು ಫುಗಡಿ. ಒಬ್ಬರು ಕೈ ಬಿಟ್ಟರೆ ಇಬ್ಬರೂ ಬಿದ್ದಂತೆಯೇ. ಕುಕ್ಕರುಗಾಲಿನಲ್ಲಿ ಕುಳಿತು ಕುಪ್ಪಳಿಸುವ ಫುಗಡಿ ಬೇರೆ. ಕೊಡದ ಬಾಯಿಗೆ ಉಸಿರೂದುತ್ತ ಅದನ್ನು ತಿರುಗಿಸುವುದು ಬೇರೆ. ಗೆರಸೆ ಹಿಡಿದು ಕುಣಿಯುವುದು, ಲಟ್ಟಣಿಗೆ ಹಿಡಿದು ಕುಣಿಯುವುದು ಇನ್ನೂ ಬೇರೆ. ಈಚಿನ ವರ್ಷಗಳಲ್ಲಿ ಕೊಲ್ಹಾಪುರದಲ್ಲಿ ಇದಕ್ಕೆ ದೊಡ್ಡ ಸ್ಪರ್ಧೆಗಳೇ ನಡೆಯುತ್ತವೆ. ಹದಿನೆಂಟರ ಹುಡುಗಿಯರ ಜೊತೆಗೆ ಎಪ್ಪತ್ತರ ಅಜ್ಜಿಯರೂ ಸೆರಗು ಬಿಗಿದು ಇಳಿಯುತ್ತಾರೆ. ಮುದುಕಿಯರದ್ದು ಮೆಲ್ಲಗೆ ಎಂದು ತಿಳಿಯಬೇಡಿ. ವರ್ಷಗಟ್ಟಲೆ ಆಡಿದ ಕಾಲು ತಾಳ ತಪ್ಪುವುದಿಲ್ಲ. ಹುಡುಗಿಯರೇ ಮೊದಲು ಏದುಸಿರು ಬಿಡುವುದು.

ಅಮೆರಿಕದ ವೈದ್ಯರು ೭೫ ದಾಟಿದ ೪೬೯ ಮಂದಿಯನ್ನು ವರ್ಷಗಟ್ಟಲೆ ಗಮನಿಸಿ ೨೦೦೩ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಓದು, ಮಣೆಯಾಟ, ವಾದ್ಯ ನುಡಿಸುವುದು ಮೊದಲಾದ ಅಭ್ಯಾಸವುಳ್ಳವರಲ್ಲಿ ಅರಳುಮರಳು ಕಡಿಮೆ ಕಂಡಿತಂತೆ. ಮೈಗೆ ಕೆಲಸ ಕೊಡುವ ಚಟುವಟಿಕೆಗಳಲ್ಲಿ ಆ ಗುಣ ಕಂಡದ್ದು ನೃತ್ಯವೊಂದರಲ್ಲೇ. ಅವರ ಪಟ್ಟಿಯಲ್ಲಿ ಫುಗಡಿ ಇರಲಿಲ್ಲ ಬಿಡಿ.

ಝಿಮ್ಮಾದ ನಡುವೆ ಒಡಪು ಹೇಳುವ ಪದ್ಧತಿಯಿದೆ. ಗಂಡನ ಹೆಸರನ್ನು ಪದ್ಯದೊಳಗೆ ಪೋಣಿಸಿ ಹೇಳುವುದು. ಮರಾಠಿಯಲ್ಲಿ ಅದಕ್ಕೆ ಉಖಾಣೆ ಎನ್ನುತ್ತಾರೆ. ಗಡಿಯ ಅಜ್ಜಿಯರು ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು ಹೇಳಿ ಕೂಟವನ್ನು ನಗಿಸುತ್ತಾರೆ. ಇಲ್ಲೇ ಒಂದು ಮುಳ್ಳೂ ಇದೆ. ಗಂಡ ತೀರಿಕೊಂಡವರು ಯಾರ ಹೆಸರು ಹೇಳಬೇಕು? ಎಪ್ಪತ್ತರ ಹೆಂಗಸರ ಕೂಟವೆಂದರೆ ಬಹುಪಾಲು ವಿಧವೆಯರ ಕೂಟವೇ ತಾನೆ. ಹಿಂದೆ ಅಂಥವರು ಅರಿಶಿನ-ಕುಂಕುಮದ ಸುತ್ತಿನಿಂದ ಹೊರಗೆ, ಗೌರಿಯ ಮುಂದಿನ ಆಟದಿಂದಲೂ ಹೊರಗೆ. ಗೋಡೆಗೊರಗಿ ನೋಡುತ್ತ ಕೂರುವುದಷ್ಟೇ ಅವರ ಪಾಲು. ಜೀವಮಾನವಿಡೀ ಜೊತೆಗೆ ಕುಣಿದ ಗೆಳತಿಯರ ನಡುವಿನಿಂದ, ಗೆಳತಿ ಬೇಕೇ ಬೇಕಾದ ಹೊತ್ತಿನಲ್ಲಿ ಎಬ್ಬಿಸಿ ಕಳುಹಿಸುವ ಈ ಕಟ್ಟಳೆಗಿಂತ ಕ್ರೂರವಾದದ್ದನ್ನು ನಾವು ಕಾಣೆವು. ನಮ್ಮ ಕಡೆಯೂ ಇದು ಪೂರ್ತಿ ಹೋಗಿದೆಯೆಂದು ಎದೆ ಮುಟ್ಟಿ ಹೇಳಲಾರೆವು.

ಈ ವಿಷಯದಲ್ಲಿ ಆ ಜಿಲ್ಲೆಗೆ ದೊಡ್ಡ ಪರಂಪರೆ ಉಂಟು. ಶಾಹೂ ಮಹಾರಾಜರು ವಿಧವಾ ವಿವಾಹಕ್ಕೆ ೧೯೧೭ರಲ್ಲೇ ಕೊಲ್ಹಾಪುರ ಸಂಸ್ಥಾನದಲ್ಲಿ ಕಾನೂನಿನ ಬಲ ಕೊಟ್ಟರು. ಅವರು ತೀರಿಕೊಂಡದ್ದು ೧೯೨೨ರ ಮೇ ತಿಂಗಳಲ್ಲಿ. ಸರಿಯಾಗಿ ನೂರು ವರ್ಷಗಳ ಬಳಿಕ, ೨೦೨೨ರ ಮೇ ತಿಂಗಳಲ್ಲಿ, ಶಿರೋಳ ತಾಲೂಕಿನ ಹೇರವಾಡವೆಂಬ ಹಳ್ಳಿಯ ಪಂಚಾಯತು ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ಕಾಲುಂಗುರ ತೆಗೆಯುವುದು, ಇವೊಂದೂ ನಮ್ಮೂರಲ್ಲಿ ಕೂಡದು ಎಂದು. ಅದೇ ತಿಂಗಳು ರಾಜ್ಯ ಸರಕಾರವೂ ಇತರ ಪಂಚಾಯತುಗಳು ಇದನ್ನು ಅನುಸರಿಸಬೇಕೆಂದು ಸುತ್ತೋಲೆ ಕಳುಹಿಸಿತು. ಠರಾವಿನಿಂದ ಎಲ್ಲ ಮನೆಗಳ ಮನಸ್ಸು ಬದಲಾಯಿತೆಂದು ನಾವು ಹೇಳುವುದಿಲ್ಲ. ಆದರೆ ಭಜನಾ ಮಂಡಳಿ, ಹಿರಿಯ ನಾಗರಿಕರ ಸಂಘ ಇವುಗಳ ಬಾಗಿಲಲ್ಲಿ ಹಣೆಯ ಮೇಲೆ ಕುಂಕುಮವಿದೆಯೇ ಎಂದು ಯಾರೂ ನೋಡುವುದಿಲ್ಲ. ಗಡಹಿಂಗ್ಲಜದಲ್ಲಿ ನಮಗೆ ಮಾತಿಗೆ ಸಿಕ್ಕಿದ ಹಿರಿಯರೊಬ್ಬರು, ಎಂಬತ್ತರ ಹತ್ತಿರದವರು, ಹೇಳಿದರು: “ಅವ್ರು ಹ್ವಾದ ಮ್ಯಾಲೆ ಎರಡ ವರ್ಷ ಮನ್ಯಾಗ ಕುಂತೆ. ಮೊಣಕಾಲ ಹಿಡದು. ಭಜನಿಗೆ ಬಾ ಅಂತ ಬಾಜೂ ಮನಿ ಅಕ್ಕ ಕೈ ಹಿಡದು ಎಳಕೊಂಡ ಹ್ವಾದ್ಲು. ಈಗ ಒಡಪು ಹೇಳ ಅಂದ್ರ ಇಠ್ಠಲನ ಹೆಸರ ಹಾಕಿ ಹೇಳ್ತೀನಿ. ಯಾರೇನ್ ಅಂತಾರ?”

ವಿಠ್ಠಲನ ಮಾತು ಬಂತು. ಮುದುಕರು ನಾಚಿಕೆ ಬಿಟ್ಟು ಕುಣಿಯುವುದನ್ನು ನೋಡಬೇಕಾದರೆ ಆಷಾಢದಲ್ಲಿ ಪಂಢರಪುರದ ದಾರಿ ಹಿಡಿಯಬೇಕು. ದಿಂಡಿಯೆಂದರೆ ಒಂದು ತಾಳ, ಒಂದು ಮೃದಂಗ, ಒಂದು ಪತಾಕೆಯ ಹಿಂದೆ ನಡೆಯುವ ಬಳಗ. ಅದೇ ಬಳಗ ವರ್ಷ ವರ್ಷವೂ. ದಾರಿಯಲ್ಲಿ ಗಂಡಸರೂ ಫುಗಡಿ ಆಡುತ್ತಾರೆ. ಕಿರಿಯನ ಕಾಲಿಗೆ ಹಿರಿಯನೂ ಎರಗುತ್ತಾನೆ, ಎಲ್ಲರೂ ಎಲ್ಲರಿಗೂ ‘ಮಾವುಲಿ’, ಅಂದರೆ ತಾಯಿ. ಅಷ್ಟು ದೂರ ನಡೆಯಲಾಗದವರು ಕೊಲ್ಹಾಪುರದ ಬಳಿಯ ನಂದವಾಳಕ್ಕೆ ಏಕಾದಶಿಯಂದು ದಿಂಡಿ ಹೋಗುತ್ತಾರೆ. ವಿಠ್ಠಲನನ್ನು ಜ್ಞಾನೇಶ್ವರರೇ ಕರ್ನಾಟಕದವನೆಂದು ಕರೆದಿದ್ದಾರಲ್ಲ. ಗಡಿಯ ಭಜನಾ ಮಂಡಳಿಯಲ್ಲಿ ಮರಾಠಿ ಅಭಂಗದ ಬೆನ್ನಿಗೆ ಪುರಂದರದಾಸರ ಪದವೊಂದು ಬಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಇಚಲಕರಂಜಿಯ ಕಥೆ ಬೇರೆ. ಅದು ಮಗ್ಗದ ಊರು. ೧೯೦೪ರಲ್ಲಿ ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂತು. ಆಮೇಲೆ ರಬಕವಿ, ಬನಹಟ್ಟಿ ಕಡೆಯ ನೇಕಾರರು ಹೊಟ್ಟೆಪಾಡಿಗೆ ಹೋಗಿ ನೆಲೆಸಿದರು. ಹನ್ನೆರಡು ತಾಸಿನ ಪಾಳಿ, ಕಿವಿಯೊಡೆಯುವ ಖಟಖಟ. ಹಾಗೆ ದುಡಿದವರಿಗೆ ವಯಸ್ಸಾದ ಮೇಲೆ ಪಿಂಚಣಿ ಸಾಮಾನ್ಯವಾಗಿ ಇರುವುದಿಲ್ಲ. ಇರುವುದು ಮಂದವಾದ ಕಿವಿ, ನೋಯುವ ಸೊಂಟ. ಸಂಜೆ ಗುಡಿಯ ಕಟ್ಟೆಯಲ್ಲಿ, ಚಹದಂಗಡಿಯ ಬೆಂಚಿನಲ್ಲಿ ಈ ಮುದುಕರು ಗುಂಪು ಸೇರುತ್ತಾರೆ. ಜಗಳ ನಡೆಯುತ್ತಿದೆಯೆಂದು ನಾವು ಹತ್ತಿರ ಹೋದೆವು. ಜಗಳವಲ್ಲ, ಮಗ್ಗದ ಸದ್ದಿನ ನಡುವೆ ಮಾತಾಡಿ ಬಂದ ಗಂಟಲು, ಅಷ್ಟೆ. ಆಣೆಗೆ ಆಣೆ ಲೆಕ್ಕ ಹಾಕಿದ ಕಾಲದ ಹರಟೆ ಎಲ್ಲ ಕನ್ನಡದಲ್ಲೇ. ಓದುವ ಹವ್ಯಾಸವಿದ್ದವರಿಗೆ ೧೮೭೦ರಲ್ಲಿ ಸ್ಥಾಪನೆಯಾದ ಆಪಟೆ ವಾಚನ ಮಂದಿರವಿದೆ.

ಕೊಲ್ಹಾಪುರ ಶಹರದಲ್ಲಿ ಪ್ರತಿ ಪೇಟೆಗೂ ಒಂದು ತಾಲೀಮು. ಮೊದಲು ಕುಸ್ತಿಯ ಗರಡಿ. ಈಗ ಗಣೇಶೋತ್ಸವ, ಫುಟ್‌ಬಾಲ್ ತಂಡ, ನೆರೆ ಬಂದಾಗ ನೆರವು, ಎಲ್ಲಕ್ಕೂ ಅದೇ ಕೇಂದ್ರ. ಕಿವಿ ಮುರಿದ ಹಳೆಯ ಪೈಲ್ವಾನ ಅಲ್ಲಿ ‘ವಸ್ತಾದ’. ಕುಸ್ತಿ ನಿಂತು ನಲವತ್ತು ವರ್ಷವಾಗಿದ್ದರೂ ಬೆಳಗ್ಗೆ ಅವರಿಲ್ಲದೆ ಹುಡುಗರು ಕಣಕ್ಕಿಳಿಯುವುದಿಲ್ಲ. ೨೦೧೯ರಲ್ಲಿ, ಮತ್ತೆ ೨೦೨೧ರಲ್ಲಿ ಪಂಚಗಂಗೆ ಉಕ್ಕಿ ಊರಿಗೆ ನುಗ್ಗಿದಾಗ ತರುಣರು ದೋಣಿ ಹತ್ತಿದರೆ, ಹಿರಿಯರು ಊಟದ ಪೊಟ್ಟಣ ಕಟ್ಟಲು ಕುಳಿತರು. ಫುಟ್‌ಬಾಲಿನಲ್ಲಿ ಗಡಹಿಂಗ್ಲಜವೂ ಹಿಂದಿಲ್ಲ. ದೀಪಾವಳಿಯ ಹೊತ್ತಿನ ಪಂದ್ಯಾವಳಿಯಲ್ಲಿ ಬಿಳಿ ಟೊಪ್ಪಿಯ ಅಜ್ಜಂದಿರೇ ಮೊದಲ ಸಾಲು. ಮಲಬಾರಿನ ಮಣ್ಣಿನಲ್ಲಿ ಬೆಳೆದ ನಮಗೆ ಅದು ಸ್ವಂತ ಊರಿನಂತೆಯೇ ಅನಿಸಿತು.

ಸೇವೆಯೂ ಒಂದು ಬಳಗವೇ. ಚೈತ್ರದಲ್ಲಿ ಜೋತಿಬಾ ಬೆಟ್ಟದ ಯಾತ್ರೆಗೆ ಅನ್ನಛತ್ರಗಳು ಏಳುತ್ತವೆ. ಭುದರಗಡ ತಾಲೂಕಿನ ಆದಮಾಪುರದಲ್ಲಿ ಬಾಳುಮಾಮಾ ಎಂಬ ಸಂತರ ಗುಡಿಯಿದೆ. ಅವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಅಕ್ಕೋಳದಲ್ಲಿ, ಕುರಿ ಕಾಯುವ ಮನೆತನದಲ್ಲಿ, ತೀರಿಕೊಂಡದ್ದು ೧೯೬೬ರಲ್ಲಿ. ಅವರ ಹೆಸರಿನ ಕುರಿಹಿಂಡುಗಳು ಇಂದಿಗೂ ಊರಿಂದೂರಿಗೆ ಮೇಯುತ್ತ ಹೋಗುತ್ತವೆ. ಹಿಂಡು ಬೀಡುಬಿಟ್ಟ ಊರಿನವರು ಸೇವೆಗೆ ನಿಲ್ಲುತ್ತಾರೆ. ಹತ್ತು ಕೆಲಸಕ್ಕೆ ಆಗದ ಮುದುಕನೂ ಕುರಿಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂರಬಲ್ಲ. ಇಂಥ ಕೆಲಸ ಕೊಡುವ ಬುದ್ಧಿ ದೊಡ್ಡದು. ನಮ್ಮ ಕೇರಳದಲ್ಲಿ ೧೯೯೩ರಲ್ಲಿ ಕೋಝಿಕ್ಕೋಡಿನಿಂದ ಆರಂಭವಾದ ಸಾಂತ್ವನ ಚಿಕಿತ್ಸೆಯ ಆಂದೋಲನದಲ್ಲೂ ಇದೇ ಬುದ್ಧಿ ಇದೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಕುಳಿತು ಮಾತಾಡುವ ಸ್ವಯಂಸೇವಕರಾಗಲು ಅರುವತ್ತು ದಾಟಿದ್ದರೆ ಅಡ್ಡಿಯೇನಿಲ್ಲ. ಅದರಲ್ಲೂ ಕನ್ನಡ, ತುಳು ಬಲ್ಲವರು ನಮ್ಮ ಜಿಲ್ಲೆಯಲ್ಲಿ ಬೇಕೇ ಬೇಕು. ನೋವು ಹೇಳಿಕೊಳ್ಳುವ ಭಾಷೆ ಮನೆಮಾತೇ ತಾನೆ.

ಅಲ್ಲಿ ಎಲ್ಲವೂ ಸೊಗಸೆಂದು ಬರೆದರೆ ಸುಳ್ಳಾಗುತ್ತದೆ. ಸಂಘದ ವರದಿ ಮರಾಠಿಯಲ್ಲಿ, ಭಾಷಣ ಮರಾಠಿಯಲ್ಲಿ. ಕನ್ನಡದ ಹಾಡು ಬರುವುದು ಅಜ್ಜಿಯೊಬ್ಬರಿಗೆ ಹುರುಪು ಬಂದಾಗ ಮಾತ್ರ. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾಳೆ, ಅರ್ಥ ಕೇಳುತ್ತಾಳೆ, ಬರೆದುಕೊಳ್ಳಲು ಅಕ್ಷರ ಬಾರದು. ಮರಾಠಿ ಲಿಪಿಯಲ್ಲಿ ಬರೆದುಕೊಂಡ ಕನ್ನಡ ಪದಗಳ ವಹಿಯೊಂದನ್ನು ನಮಗೆ ತೋರಿಸಿದರು. ಮನಸ್ಸು ಒಂದು ಗಳಿಗೆ ಭಾರವಾಯಿತು. ಅದೂ ಇಲ್ಲದಿದ್ದರೆ ಹಾಡೇ ಹೋಗುತ್ತಿತ್ತು ಎಂಬುದೂ ನಿಜ. ಆ ವಹಿ ಹುಟ್ಟಿದ್ದು ಪಂಚಮಿಯ ಕೂಟದಲ್ಲಿ, ಭಾಷೆಯ ಸಭೆಯಲ್ಲಲ್ಲ.

ಹೊರಡುವಾಗ ಆ ಎಂಬತ್ತರ ಅಕ್ಕ ನಮ್ಮನ್ನು ತಡೆದು ಕುಳ್ಳಿರಿಸಿ ಚಹ ಕೊಟ್ಟರು. “ನಿಮ್ಮ ಕನ್ನಡ ಪುಸ್ತಕದಾಗಿನಂಗ ಐತಿ” ಎಂದು ನಕ್ಕರು. ನಮ್ಮೂರಲ್ಲಿ ಏನು ಕುಣಿತವಿದೆ ಎಂದು ಕೇಳಿದರು. ಕುಣಿತ ಭಜನೆ ಈಗ ಊರೂರಲ್ಲಿ ನಡೆಯುತ್ತದೆ, ಮಕ್ಕಳು ಒಂದೇ ಬಣ್ಣದ ಬಟ್ಟೆ ತೊಟ್ಟು ತಾಳ ಹಿಡಿದು ಬಹಳ ಚೆನ್ನಾಗಿ ಕುಣಿಯುತ್ತಾರೆ ಎಂದೆವು.

“ಮಕ್ಕಳು ಕುಣೀತಾವ, ಖರೆ. ನಿಮ್ಮ ಮುದುಕರು?”

ಕುರ್ಚಿಯಲ್ಲಿ ಕುಳಿತು ನೋಡುತ್ತಾರೆ ಎಂದೆವು.

“ಯಾಕ, ಎಬ್ಬಸೂದಿಲ್ಲೇನ ಯಾರೂ?” ಎಂದರು ಅವರು.