ಹಸುವಿನ ಹಾಲಿಗೆ ಬೇಕಾದ ಗ್ಲೂಕೋಸ್ ಎಲ್ಲಿಂದ?

ಒಂದು ಲೀಟರ್ ಹಾಲು ಉತ್ಪಾದಿಸಲು ಹಸುವಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. ಆದರೆ ಮೇವಿನಿಂದ ಅದು ನೇರವಾಗಿ ದೊರೆಯುವುದು ಅತ್ಯಲ್ಪ. ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ, ಮುಖ್ಯವಾಗಿ ಅಸಿಟಿಕ್, ಪ್ರೊಪಿಯಾನಿಕ್ ಮತ್ತು ಬ್ಯೂಟಿರಿಕ್ ಎಂಬ ಕೊಬ್ಬಿನಾಮ್ಲಗಳನ್ನು ಉಂಟುಮಾಡುತ್ತವೆ. ಈ ಮೂರರಲ್ಲಿ ಪ್ರೊಪಿಯಾನಿಕ್ ಆಮ್ಲವನ್ನು ಮಾತ್ರ ಯಕೃತ್ತು ಗ್ಲೂಕೋಸ್ ಆಗಿ ಮಾರ್ಪಡಿಸಬಲ್ಲದು. ಈ ಕಾರ್ಯಕ್ಕೆ ಬಿ-12 ಜೀವಸತ್ವ ಅವಶ್ಯ. ಅದನ್ನು ತಯಾರಿಸಲು ಸೂಕ್ಷ್ಮಜೀವಿಗಳಿಗೆ ಕೋಬಾಲ್ಟ್ ಬೇಕು. ಆದುದರಿಂದ ಖನಿಜ ಮಿಶ್ರಣವನ್ನು ತಪ್ಪದೆ ಕೊಡಿರಿ.

ಕರು ಹಾಕಿದ ಮೊದಲ ವಾರಗಳಲ್ಲಿ, ಹೆಚ್ಚು ಹಾಲು ಕೊಡುವ ಹಸು ತಿಂದದ್ದು ಸಾಲದೆ ಮೈಕೊಬ್ಬನ್ನು ಕರಗಿಸುತ್ತದೆ. ಆ ಕೊಬ್ಬಿನ ಆಮ್ಲಗಳು ಗ್ಲೂಕೋಸ್ ಆಗಲಾರವು. ಕೀಟೋನ್‌ಗಳಾಗಿ ರಕ್ತದಲ್ಲಿ ಹೆಚ್ಚುತ್ತವೆ. ಇದೇ ಕೀಟೋಸಿಸ್. ಹಸು ದಾಣಿ ಬಿಟ್ಟು ಒಣಹುಲ್ಲನ್ನಷ್ಟೇ ತಿನ್ನುವುದು, ಹಾಲು ಇಳಿಯುವುದು, ಉಸಿರಿನಲ್ಲಿ ಸಿಹಿ ವಾಸನೆ ಬರುವುದು ಇದರ ಲಕ್ಷಣಗಳು. ಕೂಡಲೇ ಪಶುವೈದ್ಯರಿಗೆ ತೋರಿಸಿರಿ. ಅವರು ರಕ್ತನಾಳದ ಮೂಲಕ ಗ್ಲೂಕೋಸ್ ಕೊಡುವುದಲ್ಲದೆ, ಯಕೃತ್ತಿನಲ್ಲಿ ಗ್ಲೂಕೋಸ್ ಆಗಬಲ್ಲ ಪ್ರೊಪಿಲೀನ್ ಗ್ಲೈಕಾಲನ್ನು ಕುಡಿಸಲು ಹೇಳಬಹುದು.

ಮುಸುಕಿನ ಜೋಳದ ನುಚ್ಚಿನಂತಹ ಧಾನ್ಯಗಳು ಪ್ರೊಪಿಯಾನಿಕ್ ಆಮ್ಲವನ್ನು ಹೆಚ್ಚಿಸುತ್ತವೆ. ಆದರೆ ಒಮ್ಮೆಲೇ ಹೆಚ್ಚು ಹಾಕಿದರೆ ಹೊಟ್ಟೆ ಹುಳಿಯಾಗಿ ಹಸುವಿನ ಪ್ರಾಣಕ್ಕೇ ಅಪಾಯವಾದೀತು. ಕರು ಹಾಕುವ 2-3 ವಾರ ಮುಂಚಿನಿಂದ ದಾಣಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸಿರಿ. ಗಬ್ಬದ ಹಸುವನ್ನು ಅತಿಯಾಗಿ ಕೊಬ್ಬಿಸಬೇಡಿರಿ.